ಏಳು ಹೌದು

ಯುವರಾಜನಿಗೆ ಕೆಲಸ ಸಿಕ್ಕಿತೆಂದು ಸಣ್ಣರಂಗಯ್ಯನ ಮನೆಯಲ್ಲಿ ಒಬ್ಬಟ್ಟು ಮಾಡಿದರು. ಹೂರಣ ರುಬ್ಬಿ, ತಟ್ಟಿ, ಬೇಯಿಸಿದವಳು ಹುಡುಗನ ಸೋದರತ್ತೆ ವನಜಾಕ್ಷಿ. ಅವಳಿಗೆ ನಲವತ್ನಾಲ್ಕು. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೊ ಬಂದು ಎಡಗಾಲು ಅಲ್ಲಿಗೇ ಬೆಳೆಯುವುದನ್ನು ನಿಲ್ಲಿಸಿತ್ತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್ ಬಿಗಿದುಕೊಂಡು, ಒಂದು ಕೈಯನ್ನು ಮಂಡಿಯ ಮೇಲೂರಿ ನಡೆಯುತ್ತಿದ್ದಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಅಂಗಳದಿಂದಲೇ ವಾಪಸಾಗಿತ್ತು. ಅಣ್ಣನ ಮನೆಯ ನಡುಮನೆಯಲ್ಲಿ ಮಷೀನು ಹಾಕಿಕೊಂಡು ಹೊಸಕಟ್ಟೆಪಾಳ್ಯದ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಮನೆಯ ಅಡುಗೆಯೂ ಅವಳದೇ. ತಿಂಗಳಿಗೆ ಎಂಟುನೂರು ರೂಪಾಯಿ ಅಂಗವಿಕಲರ ಪಿಂಚಣಿ ಬರುತ್ತಿತ್ತು. ಹೊಲಿಗೆಯ ದುಡ್ಡು ಮನೆಖರ್ಚಿಗೆ ಸೇರಿಹೋಗುತ್ತಿದ್ದುದರಿಂದ, ಯಾರನ್ನೂ ಕೇಳದೆ ಮುಟ್ಟಬಹುದಾದ ದುಡ್ಡು ಅದೊಂದೇ.

ಯುವರಾಜನ ಕೆಲಸವೂ ಆ ಪಿಂಚಣಿಯ ಬೆನ್ನು ಹತ್ತಿಯೇ ಹುಟ್ಟಿದ್ದು. ಪಿಂಚಣಿ ತಿನ್ನುವವರಲ್ಲಿ ಸುಳ್ಳು ಅಂಗವಿಕಲರು ಸೇರಿಕೊಂಡಿದ್ದಾರೆ, ಮನೆಮನೆಗೆ ಹೋಗಿ ಮತ್ತೊಮ್ಮೆ ನೋಡಿ ಎಂದು ಮೇಲಿನಿಂದ ಆಜ್ಞೆಯಾಗಿತ್ತು. ನೋಡುವ ಕೆಲಸವನ್ನು ಯಾವುದೋ ಏಜೆನ್ಸಿಗೆ ಗುತ್ತಿಗೆ ಕೊಟ್ಟರು. ಏಜೆನ್ಸಿಯವರು ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗರನ್ನು ಹುಡುಕಿ, ಎರಡು ದಿನ ತರಬೇತಿ ಕೊಟ್ಟು, ಕೊರಳಿಗೊಂದು ಟ್ಯಾಗು ಹಾಕಿ, ಕೈಗೊಂದು ಟ್ಯಾಬು ಕೊಟ್ಟು ಊರಿನ ಮೇಲೆ ಬಿಟ್ಟರು. ಎರಡು ದಿನದ ಆ ವಿದ್ಯೆಯಿಂದ ಕುರುಡರ ಕಣ್ಣು, ಕುಂಟರ ಕಾಲು, ಕಿವುಡರ ಕಿವಿ ಎಲ್ಲವನ್ನೂ ಅಳೆಯಬಹುದಿತ್ತು.

ಹುಡುಗನ ತಾಯಿ ಚಿಕ್ಕಹನುಮಕ್ಕ ಟ್ಯಾಬನ್ನು ಬುದ್ಧ, ಅಂಬೇಡ್ಕರರ ಪಟಗಳ ಕೆಳಗಿನ ಹಲಗೆಯ ಮೇಲಿಟ್ಟು ಎರಡು ಊದುಬತ್ತಿ ಹಚ್ಚಿದಳು. ಪಂಚಾಯ್ತಿಯಲ್ಲಿ ನೀರುಗಂಟಿಯಾಗಿದ್ದ ಸಣ್ಣರಂಗಯ್ಯ ಆ ಸಂಜೆ ಬೀದಿಗಳಿಗೆ ನೀರು ಬಿಡುವುದನ್ನು ಅರ್ಧ ಗಂಟೆ ತಡಮಾಡಿ ಮಗನ ಜೊತೆ ಊಟಕ್ಕೆ ಕೂತ.

"ಹನ್ನೆರಡು ಪ್ರಶ್ನೆ ಐತೆ," ಎಂದ ಯುವರಾಜ, ಒಬ್ಬಟ್ಟಿಗೆ ತುಪ್ಪ ಬಿಡಿಸಿಕೊಳ್ಳುತ್ತ. "ನಾವು ಕೇಳಬೇಕು, ಹೌದು ಇಲ್ಲ ಒತ್ತಬೇಕು. ಏಳು ಹೌದು ಬಂತು ಅಂದ್ರೆ ಹೆಸರು ಕೆಂಪಾಗ್ತದೆ. ಪಿಂಚಣಿ ಕಟ್."

"ಏನೇನ್ ಕೇಳ್ತೀಯಲಾ?" ಎಂದು ಸಣ್ಣರಂಗಯ್ಯ ಕುತೂಹಲದಿಂದ ಕೇಳಿದ.

"ಒಬ್ರೇ ಸ್ನಾನ ಮಾಡ್ತೀರಾ, ಒಬ್ರೇ ಉಣ್ತೀರಾ, ಒಬ್ರೇ ಬಸ್ ಹತ್ತುತೀರಾ, ಅಡುಗೆ ಮಾಡ್ತೀರಾ, ಕೈಕೆಲಸ ಏನಾದ್ರೂ ಮಾಡ್ತೀರಾ, ಮನೆಗೆ ಬಂದೋರ ಗುರುತು ಹಿಡೀತೀರಾ... ಇಂಗೆ."

"ಉಸಿರಾಡ್ತೀರಾ ಅಂತ ಇಲ್ವಾ?" ಎಂದಳು ವನಜಾಕ್ಷಿ, ಒಲೆಯ ಮುಂದಿನಿಂದ.

ಯುವರಾಜನ ಹೆಂಡತಿ ಸಹನಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪಾವಗಡದ ಕ್ಯಾತಗಾನಚೆರ್ಲಿನಿಂದ ಬಂದ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಚಿಕ್ಕಹನುಮಕ್ಕ ನಾದಿನಿಯತ್ತ ತಿರುಗಿ, "ಒಳ್ಳೇ ದಿನ ಒಳ್ಳೇ ಮಾತಾಡು ವನಜ," ಎಂದಳು.

"ಒಳ್ಳೇದನ್ನೇ ಕೇಳಿದ್ನಲ್ಲ ಅತ್ತಿಗೆ. ಉಣ್ಣೋದನ್ನ ಕೇಳೋರು ಅದನ್ಯಾಕೆ ಬುಟ್ರು ಅಂತ."

ಮೊದಲ ವಾರ ಯುವರಾಜನಿಗೆ ನಿಜವಾದ ಕಳ್ಳರೇ ಸಿಕ್ಕರು. ಪೂರಾ ಕಿವುಡ ಎಂದು ಸರ್ಟಿಫಿಕೇಟು ಇಟ್ಟುಕೊಂಡಿದ್ದವನೊಬ್ಬ, ಇವನೆದುರಿಗೇ ಫೋನು ತೆಗೆದು ಹುಣಸೆಹಣ್ಣಿನ ರೇಟು ಮಾತಾಡಿದ್ದನಂತೆ. ಇನ್ನೊಬ್ಬನ ಕುಂಟು ಮನೆಯೊಳಗೆ ಎಡಗಾಲಿನಲ್ಲಿತ್ತು, ಬೀದಿಗೆ ಬಂದಾಗ ಬಲಗಾಲಿಗೆ ಹೋಗಿತ್ತು. ಯುವರಾಜ ಉಣ್ಣುತ್ತ ಅವರ ನಡಿಗೆಯನ್ನು ಮಾಡಿ ತೋರಿಸಿದಾಗ ವನಜಾಕ್ಷಿಯೂ ನಕ್ಕಳು. ಅಂಥವರನ್ನು ಕಂಡರೆ ಅವಳಿಗೆ ಹೇಸಿಗೆ. ಅವರಿಂದಲೇ ತಾನು ನಾಲ್ಕು ವರ್ಷಕ್ಕೊಮ್ಮೆ ಯಾರಾದರೊಬ್ಬರ ಮುಂದೆ ಸೀರೆ ಮೊಣಕಾಲಿನ ಮೇಲಕ್ಕೆತ್ತಿ ನಿಲ್ಲಬೇಕಾಗಿತ್ತು.

ಎರಡನೇ ವಾರದಿಂದ ಕತೆಯ ರುಚಿ ಬದಲಾಯಿತು. ಕಳ್ಳರು ಎಷ್ಟೆಂದು ಸಿಕ್ಕಾರು? ದಿನಕ್ಕೆ ಇಪ್ಪತ್ತು ಮನೆ ಮುಗಿಸಬೇಕು. ಇಪ್ಪತ್ತರಲ್ಲಿ ಐದಾದರೂ ಕೆಂಪಾಗದಿದ್ದರೆ, ಹುಡುಗ ಸರಿಯಾಗಿ ನೋಡುತ್ತಿಲ್ಲ ಎಂದು ಸೂಪರ್‌ವೈಸರು ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಿ ಮಾನ ಕಳೆಯುತ್ತಿದ್ದ. ಯುವರಾಜನ ಹೆಸರು ಒಂದು ಸಲ ಬಿತ್ತು. ಮತ್ತೆ ಬೀಳಲಿಲ್ಲ. ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಳ್ಳಲು ಶುರುಮಾಡಿದ. ಮನುಷ್ಯರಿಗೆ ಕೇಸು ಎನ್ನತೊಡಗಿದ.

"ಇವತ್ತು ಮೂರು ಕಣ್ಣಿನ ಕೇಸು, ಎರಡು ಕಾಲಿನ ಕೇಸು ಕೆಂಪು ಮಾಡ್ದೆ."

"ಇಲ್ಲೊಂದು ಕಾಲಿನ ಕೇಸು ಮುದ್ದೆ ತಿರುವ್ತಾ ಐತೆ," ಎಂದಳು ವನಜಾಕ್ಷಿ. "ತಟ್ಟೆ ತತ್ತಾ ಇತ್ಲಾಗೆ."

"ನಿನ್ನನ್ನಲ್ಲ ಅತ್ತೆ ನಾನಂದಿದ್ದು."

"ನನ್ ಕಾಲು ಬೇರೆ ಫ್ಯಾಕ್ಟ್ರೀದಾ?"

ಇವನಿಗೆ ಮೊದಲ ಅಕ್ಷರ ತಿದ್ದಿಸಿದವಳು ಅವಳೇ. ಆರನೇ ಕ್ಲಾಸಿನವರೆಗೆ ಯೂನಿಫಾರಂ ಹೊಲಿದವಳೂ ಅವಳೇ. ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದೆ ಅಳುತ್ತಿದ್ದ ಹುಡುಗ ಈಗ ಇನ್ನೊಬ್ಬರು ಗುಂಡಿ ಹಾಕಿಕೊಳ್ಳಬಲ್ಲರೇ ಎಂದು ಕೇಳಿ ಅಂಕ ಹಾಕುತ್ತಿದ್ದಾನೆ.

ಮೂರನೇ ವಾರದ ಒಂದು ಸಂಜೆ ಅವನು ಓಬಕ್ಕನ ವಿಷಯ ತೆಗೆದ. ಓಬಕ್ಕ ಎರಡು ಬೀದಿ ಆಚೆಗಿನವಳು. ಮಗಳು ಹಿಂದೂಪುರಕ್ಕೆ ಮದುವೆಯಾಗಿ ಹೋದಮೇಲೆ ಒಬ್ಬಳೇ ಇದ್ದಳು. ಎರಡೂ ಕಣ್ಣಿನಲ್ಲಿ ಬೆಳಕು ಕತ್ತಲೆಯ ವ್ಯತ್ಯಾಸ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಹೂವಿನ ವ್ಯಾಪಾರಿಯೊಬ್ಬ ಬೆಳಿಗ್ಗೆ ಕನಕಾಂಬರ ತಂದು ಸುರಿದು ಹೋಗುತ್ತಿದ್ದ, ಮಧ್ಯಾಹ್ನದೊಳಗೆ ಬೆರಳ ತುದಿಯಲ್ಲೇ ಮುಟ್ಟಿ ಮುಟ್ಟಿ ಕಟ್ಟಿಕೊಡುತ್ತಿದ್ದಳು.

"ಏಳು ಹೌದು ಬಂತು," ಎಂದ ಯುವರಾಜ. "ಕೈಕೆಲಸ ಹೌದು, ಅಡುಗೆ ಹೌದು. ಬಂದೋರ ಗುರುತು ಹಿಡೀತೀರಾ ಅಂತ ಕೇಳಕ್ಕೆ ಮುಂಚೇನೇ, ಸಣ್ಣರಂಗಣ್ಣನ ಮಗ ಅಲ್ವೇನಪ್ಪಾ ಅಂದ್ಳು. ಅದೂ ಹೌದು."

ವನಜಾಕ್ಷಿ ಸಾರಿನ ಸೌಟು ಕೆಳಗಿಟ್ಟಳು.

"ದನಿ ಕೇಳಿ ಅಂದವ್ಳೆ ಕಣ್ಲಾ."

"ಪ್ರಶ್ನೇಲಿ ಗುರುತು ಹಿಡೀತೀರಾ ಅಂತ ಐತೆ. ಕಣ್ಣಲ್ಲೋ ಕಿವೀಲೋ ಅಂತ ಇಲ್ಲ."

"ಇಲ್ದಿದ್ರೆ ನಿನ್ ತಲೇಲಿ ಏನೂ ಇಲ್ವಾ? ಆಕೆಗೆ ಕಣ್ಣು ಕಾಣಲ್ಲ ಅಂತ ನೀನು ಚಡ್ಡಿ ಹಾಕೋಕೆ ಮುಂಚಿಂದ ಗೊತ್ತು ನಿಂಗೆ."

"ಗೊತ್ತಿರೋದನ್ನ ಬರೆಯೋ ಹಾಗಿಲ್ಲ ಅತ್ತೆ. ಅವರು ಹೇಳಿದ್ದನ್ನ ಬರೀಬೇಕು. ಸಿಸ್ಟಮ್ ಅಂಗೈತೆ."

ಸಣ್ಣರಂಗಯ್ಯ ಕೆಮ್ಮಿ, "ಊಟದ ಹೊತ್ತಲ್ಲಿ ಯಾಕೆ," ಎಂದ. ಅವನ ಜೀವನದ ಅರ್ಧ ಮಾತು ಇದೇ ಆಗಿತ್ತು. ಪಂಚಾಯ್ತಿ ಮೆಂಬರು ಎದುರಾದಾಗಲೂ ಅವನು ಇಷ್ಟೇ ಮೆತ್ತಗೆ ಕೆಮ್ಮುತ್ತಿದ್ದ.

ಮುಂದಿನ ತಿಂಗಳು ಓಬಕ್ಕನ ದುಡ್ಡು ಬರಲಿಲ್ಲ. ಒಂದು ಮಧ್ಯಾಹ್ನ ಗೋಡೆ ಸವರಿಕೊಂಡು, ಚರಂಡಿಯ ಕಲ್ಲುಗಳನ್ನು ಕಾಲಿನಿಂದ ತಡಕಿಕೊಂಡು ಮನೆಯ ಬಾಗಿಲಿಗೆ ಬಂದಳು. ಯುವರಾಜ ಒಳಗೆ ಉಣ್ಣುತ್ತಿದ್ದ. ಚಿಕ್ಕಹನುಮಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಯುವರಾಜಪ್ಪ ಅವ್ನೇನಮ್ಮ?"

"ಇಲ್ಲ ಕಣಕ್ಕ, ಡ್ಯೂಟಿಗೆ ಹೋದ."

ಒಳಗೆ ಯುವರಾಜನ ಕೈ ತುತ್ತು ಹಿಡಿದಲ್ಲೇ ನಿಂತಿತು. ಅಗಿಯುವುದನ್ನೂ ನಿಲ್ಲಿಸಿದ. ಕಣ್ಣಿಲ್ಲದವಳಿಗೆ ಅಗಿಯುವ ಸದ್ದು ಕೇಳಿಸೀತೆಂದು ಹೆದರಿದವನನ್ನು ನೋಡಿ ವನಜಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಮಷೀನಿನ ಮುಂದಿನಿಂದ ಎದ್ದಳು.

"ಒಳಗೇ ಅವ್ನೆ ಓಬಕ್ಕ, ಉಣ್ತಾವ್ನೆ. ಬಾ, ಕುಂತ್ಕೊ. ಕೈ ತೊಳ್ಕೊಂಡು ಬತ್ತಾನೆ."

ಯುವರಾಜ ಕೈ ಒರೆಸಿಕೊಂಡು ಬಂದು ನಿಂತ. ಓಬಕ್ಕ ಜಗಳವಾಡಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಬ್ಯಾಂಕಿನ ಹುಡುಗ ಹೆಬ್ಬೆಟ್ಟು ಒತ್ತಿಸ್ಕೊಂಡು ಏನೂ ಇಲ್ಲ ಅಂದ್ನಪ್ಪ. ನಾನೇನಾದ್ರೂ ತಪ್ಪು ಹೇಳಿದ್ನಾ ಅವತ್ತು?"

"ತಪ್ಪೇನಿಲ್ಲಮ್ಮ. ನಾನೂ ಏನೂ ಮಾಡಿಲ್ಲ. ಸಿಸ್ಟಮ್ ಮಾಡಿದ್ದು."

"ಅವ್ನಿಗೆ ಹೇಳಪ್ಪ ಅಂಗಾದ್ರೆ. ನನಗೆ ಕಾಣಲ್ಲ ಅಂತ ನೀನೇ ಒಂದ್ಮಾತು ಹೇಳು. ದೊಡ್ಡೋನಾಗಿದ್ರೆ ನಾನೇ ಬತ್ತೀನಿ."

ಸಿಸ್ಟಮ್ ಎಂಬವನು ಒಬ್ಬ ಸಾಹೇಬನೆಂದು ಓಬಕ್ಕ ತಿಳಿದಿದ್ದಳು. ಯುವರಾಜ ನಗಲಿಲ್ಲ, ತಿದ್ದಲೂ ಇಲ್ಲ. ಹೇಳ್ತೀನಿ ಹೋಗಮ್ಮ ಎಂದುಬಿಟ್ಟ. ಅವಳು ಹೋದಮೇಲೆ ಚಿಕ್ಕಹನುಮಕ್ಕ ನಾದಿನಿಯ ಮೇಲೆ ಹರಿಹಾಯ್ದಳು.

"ನನ್ನನ್ನ ಸುಳ್ಳಿ ಮಾಡ್ಬುಟ್ಯಲ್ಲೇ ಊರಿನವಳ ಮುಂದೆ. ಹುಡುಗ ದುಡಿಯೋದು ನಿನ್ ಕಣ್ಣಿಗೆ ಆಗಲ್ವಾ?"

"ಸುಳ್ಳು ಹೇಳಿದ್ದು ನೀನು ಅತ್ತಿಗೆ. ಮಾಡಿದ್ದು ನಾನಾ?"

"ಅವ್ನ ಸಂಬಳದಲ್ಲಿ ತಂದ ಬೇಳೆ ನೀನೂ ಉಣ್ತೀಯ, ನೆನಪಿರ್ಲಿ."

"ಉಣ್ತೀನಿ. ಬೇಯಿಸಿಯೂ ಹಾಕ್ತೀನಿ. ಎರಡೂ ಹೌದೇ, ಬರ್ಕೊಳ್ಳಕ್ಕೆ ಹೇಳು ನಿನ್ ಮಗನಿಗೆ."

ಬರೆದುಕೊಳ್ಳುವ ದಿನವೂ ಬಂತು. ಹೊಸಕಟ್ಟೆಪಾಳ್ಯದ ಉಳಿದ ಪಟ್ಟಿಯಲ್ಲಿ ವನಜಾಕ್ಷಿಯ ಹೆಸರಿತ್ತು. ಸ್ವಂತ ಮನೆಯವರನ್ನು ತಾನೇ ನೋಡುವ ಹಾಗಿಲ್ಲವಾದ್ದರಿಂದ, ಅವಳ ಮನೆ ಸುನೀಲ್‌ಕುಮಾರ್ ಎಂಬ ಜೊತೆಗಾರನಿಗೆ ಬಿತ್ತು. ಸಿರಾ ಕಡೆಯ ಗೌಡಗೆರೆಯ ಹುಡುಗ, ಯುವರಾಜನ ಜೊತೆಯಲ್ಲೇ ತರಬೇತಿ ಮಾಡಿದವನು. ಹಿಂದಿನ ಭಾನುವಾರ ಯುವರಾಜ ಅತ್ತೆಯ ಪಕ್ಕ ಬಂದು ಕೂತು, ಹುರಿದ ಕಡಲೆಕಾಯಿಯ ಪೊಟ್ಟಣ ಬಿಚ್ಚಿ ಮುಂದಿಟ್ಟ. ಅವಳಿಗೆ ಆಗಲೇ ವಾಸನೆ ಬಂತು.

"ಅತ್ತೆ, ಸೋಮವಾರ ಸುನೀಲ ಬತ್ತಾನೆ. ನೀನು ಅವತ್ತೊಂದಿನ ಕ್ಯಾಲಿಪರ್ ಹಾಕಬೇಡ."

"ಯಾಕೆ?"

"ಹಾಕಿದ್ರೆ ನಡೀತೀಯ. ನಡೆದ್ರೆ ಹೌದು ಒತ್ತಬೇಕು. ಚಾಪೆ ಮೇಲೆ ಮಲಗಿರು. ಮಷೀನು ಒಳಗಿನ ರೂಮಿಗೆ ಹಾಕ್ತೀನಿ. ಏನ್ ಕೇಳಿದ್ರೂ ಅಮ್ಮ ಹೇಳ್ತಾಳೆ, ನೀನು ಮಾತಾಡಬೇಡ."

"ನಾಲಿಗೇಗೂ ಪೋಲಿಯೊ ಬಂದೈತಾ?"

"ನಿನ್ ಒಳ್ಳೇದಕ್ಕೇ ಅತ್ತೆ."

ವನಜಾಕ್ಷಿ ಪೊಟ್ಟಣವನ್ನು ಅವನತ್ತ ತಳ್ಳಿದಳು. ಎಡಗಾಲಿನ ಕುಂಟನ್ನು ಬಲಗಾಲಿಗೆ ಹಾಕಿಕೊಂಡವನನ್ನು ಅಣಕಿಸಿ ಈ ನಡುಮನೆಯಲ್ಲೇ ನಗಿಸಿದವನು ಇವನು. "ಕಡಲೆಕಾಯಿ ಎತ್ಕೊಂಡು ಹೋಗು," ಎಂದಳು. "ಸುಟ್ಟೋಗವೆ."

ಅಂದು ಸಂಜೆ ಸಹನಾ ಅವರೆಕಾಯಿ ಸುಲಿಯುತ್ತ ಕೂತಿದ್ದವಳು ನಗು ತಡೆಯಲಾರದೆ ಫೋನು ಚಾಚಿದಳು.

"ವನಜತ್ತೆ, ಇದೊಂದ್ ನೋಡಿ. ಇವ್ರ ಫೋನಲ್ಲಿತ್ತು, ನಮ್ಮಕ್ಕಂಗೆ ತೋರ್ಸಿ ನಗನ ಅಂತ ನನ್ನ ಫೋನಿಗೆ ಹಾಕ್ಕೊಂಡೆ."

ಫೋಟೋದಲ್ಲಿ ಅರವತ್ತರ ಒಬ್ಬ ಗಟ್ಟಿ ಆಳು ಕುರ್ಚಿಯಲ್ಲಿ ಸೊಂಟ ಬಾಗಿಸಿ, ಊರುಗೋಲು ಹಿಡಿದು, ಮುಖ ಕಿವುಚಿಕೊಂಡು ಕೂತಿದ್ದ. ಕೋಲಿನ ಹಿಡಿಕೆಗೆ ಸುತ್ತಿದ್ದ ಅಂಗಡಿಯ ಪ್ಲಾಸ್ಟಿಕ್ ಇನ್ನೂ ಸುಲಿದಿರಲಿಲ್ಲ. ಹಿಂದೆ ಕೆಸರು ಮೆತ್ತಿದ ಉಳುಮೆಯ ಟಿಲ್ಲರು ನಿಂತಿತ್ತು.

"ಯಾರಿದು?"

"ಸುನೀಲಣ್ಣನ ಸೋದರಮಾವ, ಶಂಕರಲಿಂಗಪ್ಪ ಅಂತೆ. ಸೊಂಟ ಬಿದ್ದೋಗಿದೆ ಅಂತ ಪಿಂಚಣಿ. ಟಿಲ್ಲರ್ ಹೊಡೆಯೋದು ಆಯಪ್ಪನೇ. ಇವ್ರು ಹೋಗಿ ಹನ್ನೆರಡಕ್ಕೂ ಇಲ್ಲ ಇಲ್ಲ ಅಂತ ಒತ್ತಿ ಬಂದ್ರಂತೆ." ಸಹನಾ ನಗು ನಿಲ್ಲಿಸಿದಳು. ಹೇಳುತ್ತಿರುವಾಗಲೇ ಅವಳಿಗೂ ಪೂರ್ತಿ ಹೊಳೆದಿತ್ತು. "ಅದಕ್ಕೇ ಅವ್ರು ನಿಮ್ಮನ್ನ..."

"ಹೂಂ. ಅವ್ನ ಮಾವನಿಗೆ ನಾನು ಬದಲಿ."

ವನಜಾಕ್ಷಿ ಅವರೆಕಾಯಿಗೆ ಕೈಹಾಕಿದಳು. ಆ ಗಟ್ಟಿ ಸೊಂಟದವನ ಜೊತೆ ತನ್ನನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದಾರೆ. ಮಧ್ಯೆ ಇದ್ದ ಓಬಕ್ಕನನ್ನು ದಿನದ ಐದರ ಲೆಕ್ಕ ತುಂಬಿಸಲು ಎತ್ತಿ ಹಾಕಿದ್ದಾರೆ.

ಸೋಮವಾರ ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಷೀನು ಒಳಗೆ ಹೋಗಿತ್ತು. ನಡುಮನೆಯಲ್ಲಿ ಚಾಪೆ, ಚಾಪೆಯ ಮೇಲೆ ಹಳೆಯ ಕಂಬಳಿ, ತಲೆಯ ಕಡೆ ಒಂದು ಚೊಂಬು ನೀರು. ಹೆಣವೊಂದೇ ಬಾಕಿ. ಕ್ಯಾಲಿಪರನ್ನು ಚಿಕ್ಕಹನುಮಕ್ಕ ಅಟ್ಟಕ್ಕೆ ಹಾಕಿದ್ದಳು.

"ಸಹನಾ, ಕ್ಯಾಲಿಪರ್ ಇಳಿಸ್ಕೊಡು."

"ಇಳಿಸ್ಬೇಡ," ಎಂದಳು ಚಿಕ್ಕಹನುಮಕ್ಕ.

ಸಹನಾ ಅತ್ತೆಯನ್ನೊಮ್ಮೆ, ವನಜಾಕ್ಷಿಯನ್ನೊಮ್ಮೆ ನೋಡಿ ಏಣಿ ಹಾಕಿದಳು.

ಸುನೀಲ್‌ಕುಮಾರ್ ಬಂದಾಗ ವನಜಾಕ್ಷಿ ಮಷೀನನ್ನು ಮತ್ತೆ ಹೊರಗೆ ಎಳೆಸಿಕೊಂಡು ರವಿಕೆಯ ತೋಳು ಕೂಡಿಸುತ್ತಿದ್ದಳು. ಅವನು ಕುರ್ಚಿಯಲ್ಲಿ ಕೂತು ಅರ್ಧ ಲೋಟ ಟೀ ಕುಡಿದ. ಅವಳತ್ತ ಒಂದು ಸಲ ನೋಡಿದ, ಕಾಲಿನತ್ತ ಒಂದು ಸಲವೂ ನೋಡಲಿಲ್ಲ. ಒಂದು ಫೋಟೋ ಹೊಡೆದುಕೊಂಡ.

"ಆಯ್ತಕ್ಕ, ಬರ್ತೀನಿ."

"ಪ್ರಶ್ನೆ ಕೇಳಲಿಲ್ಲ?"

"ಎಲ್ಲಾ ತುಂಬ್ಕೊಂಡೇ ಬಂದಿದೀನಿ ಅಕ್ಕ. ಯುವರಾಜ್ ಹೇಳಿದ್ದ."

"ಏನ್ ತುಂಬಿದ್ದೀಯ, ಓದು."

ಅವನು ಯುವರಾಜನ ಮುಖ ನೋಡಿದ. ಯುವರಾಜ ನೆಲ ನೋಡುತ್ತಿದ್ದ.

"ಓದಪ್ಪ. ನನ್ನ ವಿಷಯ ತಾನೇ."

"ಸ್ನಾನ, ಇಲ್ಲ. ಊಟ ಒಬ್ರೇ ಮಾಡೋದು, ಇಲ್ಲ..."

"ನನ್ ಬಾಯಿಗೆ ತುತ್ತು ಯಾರು ಇಡ್ತಾರಂತೆ?"

"ಮನೆಯವರು ಅಂತ ಹಾಕಿದೀನಿ."

ವನಜಾಕ್ಷಿ ಮಷೀನಿನ ಗಾಲಿ ನಿಲ್ಲಿಸಿದಳು. "ಈ ಮನೆಯವ್ರ ಬಾಯಿಗೇ ಇಪ್ಪತ್ತೈದು ವರ್ಷದಿಂದ ನಾನು ಬೇಯಿಸಿ ಹಾಕ್ತಿದ್ದೀನಿ. ಅಳಿಸು ಅದನ್ನ. ಮೊದಲಿಂದ ಕೇಳು. ಹನ್ನೆರಡೂ ಕೇಳು. ಆ ಓಬಕ್ಕನ್ನ ಕೇಳ್ದಂಗೇ ಕೇಳು."

"ಅತ್ತೆ, ಸುಮ್ನಿರು," ಎಂದ ಯುವರಾಜ.

"ನೀನು ಸುಮ್ನಿರು. ನಿನ್ ಡ್ಯೂಟಿ ಅಲ್ಲ ಇದು."

"ಅಕ್ಕ, ನಿಜ ಹೇಳಿದ್ರೆ ಕೆಂಪಾಗುತ್ತೆ," ಎಂದ ಸುನೀಲ್‌ಕುಮಾರ್, ಮೆಲ್ಲಗೆ.

"ಸುಳ್ಳು ಹೇಳಿದ್ರೆ ನಿಮ್ಮಾವನ ಪಕ್ಕ ಕುಂತಂಗಾಗ್ತದೆ. ಹೊಸ ಕೋಲು ತರಕ್ಕೆ ನಂಗೆ ಪುರಸೊತ್ತಿಲ್ಲ. ಕೇಳು."

ಸುನೀಲ್‌ಕುಮಾರ್ ಮುಖ ಕೆಂಪಗೆ ಮಾಡಿಕೊಂಡು ಕೇಳಿದ. ಅವಳು ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟಳು. ಸ್ನಾನ ಹೌದು, ಊಟ ಹೌದು, ಅಡುಗೆ ಹೌದು, ಕೈಕೆಲಸ ಹೌದು. ಬಸ್ಸು ಹತ್ತುವುದು ಹೌದು, ಆದರೆ ಎರಡೂ ಕೈಯಲ್ಲಿ ಕಂಬಿ ಹಿಡಿದು ಕಾಲನ್ನು ಎಳೆದುಕೊಂಡು, ಹಿಂದಿನವರ ಬೈಗುಳ ತಿಂದು ಹತ್ತುತ್ತೇನೆ, ಅದನ್ನೂ ಬರಿ ಎಂದಳು. ಅಷ್ಟೆಲ್ಲ ಬರೆಯಲು ಜಾಗವಿಲ್ಲ ಎಂದ ಅವನು. ಕೊನೆಗೆ ಎಂಟು ಹೌದು ಬಂದು ಅವಳ ಹೆಸರು ಕೆಂಪಾಯಿತು.

ಅಂದು ಮನೆಯಲ್ಲಿ ಯಾರೂ ಯಾರೊಂದಿಗೂ ಕೂತು ಉಣ್ಣಲಿಲ್ಲ. ಬಾಯಿ ತೆರೆದವನು ಸಣ್ಣರಂಗಯ್ಯ, ಅದೂ ತಂಗಿಯ ಮುಂದೆ.

"ಕೊಡೋದನ್ನ ಒದ್ಕೊಂಡ್ಯಲ್ಲಮ್ಮ. ಮರ್ಯಾದೆ ಅಂಗಡೀಲಿ ನಡಿಯಲ್ಲ."

"ಅದಕ್ಕೇ ಅಣ್ಣ, ನೀನು ಇದುವರ್ಗೂ ಒಂದ್ ಗ್ರಾಮೂ ಇಟ್ಕೊಂಡಿಲ್ಲ."

ಹೇಳಿದ ಮೇಲೆ ಅವಳಿಗೆ ನೋವಾಯಿತು. ಅಣ್ಣ ತಟ್ಟೆ ಎತ್ತಿಕೊಂಡು ಹೊರಗೆ ಹೋದ, ಅವಳು ವಾಪಸು ಕರೆಯಲಿಲ್ಲ.

ದುಡ್ಡು ನಿಂತ ತಿಂಗಳು ಅವಳಿಗೂ ಸುಲಭವಾಗಲಿಲ್ಲ. ಕ್ಯಾಲಿಪರಿನ ಚರ್ಮದ ಪಟ್ಟಿ ಹರಿದಿತ್ತು. ಹೊಸದು ಹಾಕಿಸುವ ಬದಲು ಹಳೇ ಬೆಲ್ಟಿನ ತುಂಡು ಹೊಲಿದುಕೊಂಡಳು. ಅದು ತೊಡೆಯನ್ನು ಉಜ್ಜಿ ಗಾಯ ಮಾಡಿತು. ಮೂರನೇ ದಿನ ಗಾಯಕ್ಕೆ ಎಣ್ಣೆ ಹಚ್ಚುತ್ತಿದ್ದಾಗ, ಚಾಪೆಯ ಮೇಲೆ ಐದು ನಿಮಿಷ ಬಿದ್ದುಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ತನ್ನನ್ನೇ ಬೈದುಕೊಂಡಳು. ಚಿಕ್ಕಹನುಮಕ್ಕ ನೋಡಿದಳು. ಹತ್ತಿಯ ಬಟ್ಟೆಯೊಂದನ್ನು ಹರಿದು ಪಕ್ಕದಲ್ಲಿ ಎಸೆದುಹೋದಳು.

ಕೆಂಪಾದವರು ತಕರಾರು ಹೇಳಿಕೊಳ್ಳಲು ಹೋಬಳಿಯ ಕಲ್ಯಾಣ ಮಂಟಪದಲ್ಲಿ ಒಂದು ದಿನದ ಶಿಬಿರ ಇಟ್ಟಿದ್ದರು. ವನಜಾಕ್ಷಿ ಓಬಕ್ಕನನ್ನು ಕರೆದುಕೊಂಡು ಹೋದಳು. ಹಿಂದಿನ ದಿನದ ಮದುವೆಯ ಪ್ಲಾಸ್ಟಿಕ್ ತೋರಣ ಇನ್ನೂ ನೇತಾಡುತ್ತಿತ್ತು. ಕಣ್ಣಿನವರಿಗೆ ಕೆಳಗೆ, ಕಿವಿಯವರಿಗೆ ಕೆಳಗೆ, ಕಾಲಿನವರಿಗೆ ಮಾತ್ರ ಮೇಲಿನ ಊಟದ ಹಾಲಿನಲ್ಲಿ ವ್ಯವಸ್ಥೆಯಾಗಿತ್ತು. ಮೆಟ್ಟಿಲಿನುದ್ದಕ್ಕೂ ಊರುಗೋಲುಗಳು, ಕುಂಡೆಯ ಮೇಲೆ ತೆವಳುವವರು, ಮಕ್ಕಳ ಬೆನ್ನೇರಿದ ಮುದುಕರು. ಈ ಏರ್ಪಾಟು ಮಾಡಿದವನ ತಲೆಯನ್ನು ಯಾವ ಶಿಬಿರದಲ್ಲಿ ತೋರಿಸಬೇಕೋ ಎಂದುಕೊಂಡು ವನಜಾಕ್ಷಿ ಹತ್ತಿದಳು.

ಮೇಜಿನ ಹಿಂದಿನ ಡಾಕ್ಟರು ಮುಖ ಎತ್ತದೆ ಕೇಳಿದರು. "ಮೆಟ್ಲು ಹತ್ತಿ ಬಂದ್ರಾ?"

"ಹೆಲಿಕಾಪ್ಟರು ತಡ ಆಯ್ತು ಸಾರ್."

ಅವರು ಆಗ ಮುಖ ಎತ್ತಿದರು. ಕಾಲು ನೋಡಿದರು, ಗಾಯವನ್ನೂ ನೋಡಿದರು, ಹಳೇ ಸರ್ಟಿಫಿಕೇಟು ಮಗುಚಿದರು.

"ಕಾಲು ಹಂಗೇ ಇದೆಯಮ್ಮ. ಅರವತ್ತೈದು ಪರ್ಸೆಂಟು. ಇದೇನು ಚಿಗುರೋದಲ್ಲ."

"ಮತ್ತೆ ದುಡ್ಡು?"

"ಅದು ನನ್ನ ಕೈಲಿಲ್ಲ. ನಿಮ್ಮ ಅಗತ್ಯ ಕಮ್ಮಿಯಾಗಿದೆ ಅಂತ ಮನೆ ಹತ್ರ ಬಂದವರು ವರದಿ ಕೊಟ್ಟಿದ್ದಾರೆ. ಉತ್ತರ ಎಲ್ಲ ನೀವೇ ಹೇಳಿರೋದು ಅಂತ ಇದೆ. ತಪ್ಪು ಬರೆದಿದ್ರೆ ಅವರಿಂದಲೇ ತಿದ್ದುಪಡಿ ಬರೆಸಿ ತನ್ನಿ."

"ತಪ್ಪೇನೂ ಬರೆದಿಲ್ಲ ಸಾರ್. ಪ್ರಶ್ನೆ ತಪ್ಪು."

"ಪ್ರಶ್ನೆಗೆ ಇಲ್ಲಿ ಕೌಂಟರ್ ಇಲ್ಲ. ಮೇಲ್ಮನವಿ ಕೊಡಬೇಕು, ಮಧುಗಿರಿಗೆ ಹೋಗಿ." ಅಷ್ಟು ಹೇಳಿ ಮುಂದಿನವರನ್ನು ಕರೆದರು.

ಕೆಳಗೆ ಓಬಕ್ಕನಿಗೂ ಅದೇ ಮಾತು ಹೇಳಿದ್ದರು. ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಏನೂ ಇಲ್ಲ ಪಾಪ ಎಂದಿದ್ದರು. ಆದರೆ ಬಂದವರ ಗುರುತು ಹಿಡಿಯುತ್ತಾರೆ ಎಂದು ವರದಿಯಲ್ಲಿದ್ದುದರಿಂದ, ಬರೆದವನೇ ತಪ್ಪಾಗಿದೆಯೆಂದು ಬರೆದುಕೊಡಬೇಕಿತ್ತು.

"ಬರ್ದವ್ನು ಯಾರಮ್ಮ ವನಜಮ್ಮ, ಆ ಸಿಸ್ಟಮ್ ಅನ್ನೋನಾ?" ಎಂದು ಓಬಕ್ಕ ಬಸ್ಸಿನಲ್ಲಿ ಕೇಳಿದಳು.

"ಅಲ್ಲ ಓಬಕ್ಕ. ನಮ್ಮನೆ ಯುವರಾಜ."

ಮನೆಗೆ ಬಂದವಳೇ ವನಜಾಕ್ಷಿ ಸೆರಗು ಸಿಕ್ಕಿಸಿಕೊಂಡು ಯುವರಾಜನ ಮುಂದೆ ಓಬಕ್ಕನ ತಿದ್ದುಪಡಿಯ ಫಾರಂ ಇಟ್ಟಳು. ಅವನು ಓದಿ ಪಕ್ಕಕ್ಕೆ ಸರಿಸಿದ.

"ಆಗಲ್ಲ ಅತ್ತೆ. ತಪ್ಪಾಯ್ತು ಅಂತ ನಾನೇ ಬರ್ಕೊಟ್ರೆ ಕೆಲಸ ಹೋಗ್ತದೆ."

"ಬರೀದಿದ್ರೆ ಆ ಪ್ಲಾಸ್ಟಿಕ್ ಕೋಲಿನ ಫೋಟೋ ನಾಳೆ ನಿನ್ನ ಮೇಲಿನವ್ರಿಗೆ ಹೋಗ್ತದೆ."

"ಯಾವ ಫೋಟೋ?"

"ನನ್ನ ಫೋನಲ್ಲೈತೆ," ಎಂದಳು ಸಹನಾ ಅಡುಗೆಮನೆಯ ಬಾಗಿಲಲ್ಲಿ ನಿಂತು. "ನಮ್ಮಪ್ಪ ಹೊಲ ತಗೊಂಡ ಸೋಲಾರ್‌ನವ್ರ ಕಾಗದಕ್ಕೆ ನೋಡ್ದೆ ರುಜು ಹಾಕಿ ಇವತ್ತಿಗೂ ಕೈ ಹಿಸುಕ್ಕೊಂತಾರೆ. ನೀವು ನೋಡಿ ನೋಡೀನೇ ಒತ್ತಿ ಬಂದ್ರಿ."

ಚಿಕ್ಕಹನುಮಕ್ಕ ಸೊಸೆಯತ್ತ ಕೈ ನೀಡಿ ಏನೋ ಅನ್ನಲು ಹೊರಟಳು. ಸಣ್ಣರಂಗಯ್ಯ ಕೆಮ್ಮಿದ. ಆದರೆ ಈ ಸಲ ಅವನು ಹೆಂಡತಿಯ ಕಡೆ ತಿರುಗಿ ಕೆಮ್ಮಿದ್ದ. "ಬರ್ಕೊಡು ಕಣ್ಲಾ," ಎಂದ ಮಗನಿಗೆ. "ಆಕೆಗೆ ಕಾಣಲ್ಲ."

ಯುವರಾಜ ಬರೆದ. ಗಮನವಿಲ್ಲದೆ ತಪ್ಪಾಗಿ ನಮೂದಾಗಿದೆ ಎಂದು ಬರೆದು ರುಜು ಹಾಕಿದ. ಗಮನವಿಟ್ಟೇ ಮಾಡಿದ್ದೆ ಎಂದು ಬರೆಯಲು ಆ ಫಾರಮ್ಮಿನಲ್ಲೂ ಜಾಗವಿರಲಿಲ್ಲ.

ಎರಡು ತಿಂಗಳಾದ ಮೇಲೆ ಓಬಕ್ಕನ ದುಡ್ಡು ಬಂತು, ಹಿಂದಿನ ಬಾಕಿ ಬಿಟ್ಟು. ಅದೇ ವಾರ ಏಜೆನ್ಸಿಯವರು ಹದಿನೆಂಟು ಹುಡುಗರಿಗೆ ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸಿ, ನಾಳೆಯಿಂದ ಬರುವುದು ಬೇಡ ಎಂದರು. ಎಂಟು ತಿಂಗಳ ಕೆಲಸವೆಂದು ಕೊಟ್ಟಿದ್ದ ಮಾತು ಐದಕ್ಕೇ ಮುಗಿದಿತ್ತು. ಯುವರಾಜನ ಹೆಸರು ತಿದ್ದುಪಡಿಯಿಂದ ಹೋಯಿತೋ, ಹದಿನೆಂಟರಲ್ಲಿ ಒಂದಾಗಿ ಹೋಯಿತೋ ಯಾರೂ ಹೇಳಲಿಲ್ಲ. ಸುನೀಲ್‌ಕುಮಾರ್ ಸೂಪರ್‌ವೈಸರ್ ಆದ. ಅವನ ಪಟ್ಟಿ ಎಲ್ಲರಿಗಿಂತ ಅಚ್ಚುಕಟ್ಟಾಗಿತ್ತಂತೆ. ಅದನ್ನು ಕೇಳಿದ ದಿನ ವನಜಾಕ್ಷಿ, ಇರಲಿ ಎಂದು, ಅವನ ಮಾವನ ಫೋಟೋವನ್ನು ಸಹನಾಳ ಫೋನಿನಿಂದ ತನ್ನ ಫೋನಿಗೆ ಹಾಕಿಸಿಕೊಂಡಳು. ಮನೆಯಲ್ಲಿ ತಪ್ಪೆಲ್ಲ ಅವಳ ತಲೆಗೇ ಬಂತು. ಚಿಕ್ಕಹನುಮಕ್ಕ ದಿನಕ್ಕೆರಡು ಸಲ ಪಾತ್ರೆಗಳಿಗೆ ಹೇಳುವ ಹಾಗೆ ಹೇಳಿ ಹೋಗುತ್ತಿದ್ದಳು. ವನಜಾಕ್ಷಿ ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಉಪ್ಪು ಸಾಕಾ ಎಂದು ಕೇಳುವುದನ್ನು ಮಾತ್ರ ನಿಲ್ಲಿಸಿದ್ದಳು.

ಒಂದು ಗುರುವಾರ ಬೆಳಿಗ್ಗೆ ಅವಳು ಮೇಲ್ಮನವಿಯ ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಕ್ಯಾಲಿಪರ್ ಬಿಗಿದಳು. ನಾಲ್ಕು ಪುಟ ಅವಳೇ ಬರೆದಿದ್ದಳು, ಹನ್ನೆರಡು ಪ್ರಶ್ನೆಗಳಲ್ಲಿ ಒಂದೊಂದು ಯಾಕೆ ತಪ್ಪು ಎಂದು. ಯುವರಾಜ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಗಡ್ಡ ಬಂದಿತ್ತು, ಅಂಗಿ ಹೊರಗೆ ಬಂದಿತ್ತು. ಅವಳು ಹೊಸ್ತಿಲು ದಾಟುವುದನ್ನು ನೋಡಿ ಬಹಳ ದಿನದ ಮೇಲೆ ಮಾತಾಡಿದ.

"ಬಿಸಿಲೈತೆ ಅತ್ತೆ. ಕೊಡಿಲ್ಲಿ, ಮಧುಗಿರಿಗೆ ನಾನೇ ತಗೊಂಡೋಗ್ತೀನಿ. ಅಲ್ಲಿ ಹೆಂಗೆ ಮಾತಾಡ್ಬೇಕು ನಂಗೊತ್ತು."

"ಅದಕ್ಕೇ ಬೇಡ," ಎಂದಳು ವನಜಾಕ್ಷಿ. "ನನ್ ಕಾಲು ನಾನೇ ತಗೊಂಡೋಗ್ತೀನಿ. ಕಾಲು ತೆಗಿ, ದಾರೀಲಿ ಚಾಚ್ಕೊಂಡಿದ್ದೀಯ."

ಯುವರಾಜ ಎರಡೂ ಕಾಲು ಮಡಿಸಿಕೊಂಡ. ಅವಳು ಮಂಡಿಯ ಮೇಲೆ ಕೈಯೂರಿ ಮೆಟ್ಟಿಲಿಳಿದು ಕೊಡಿಗೇನಹಳ್ಳಿ ಕಡೆಯಿಂದ ಬರುವ ಬಸ್ಸಿಗೆ ನಿಲ್ಲಲು ಹೋದಳು.